ಯೂರಿಯಾ ಒಗದ್ರ ಗಾಳಿನೂ ಕೆಡ್ತದೇನ್ರಿ?

ಪ್ರಶ್ನೆ: ನಮಸ್ಕಾರ ಸರ, ನಮ್ದು ಅಕ್ಕಲಕೋಟ ತಾಲೂಕ, ಎರಿ ಹೊಲ, ನಾಲ್ಕ ಎಕರೆ ಕಬ್ಬು. ಮೊನ್ನೆ ನೀರ ಬಿಟ್ಟು ಮರುದಿನ ಹಸಿ ಮ್ಯಾಲೇ ಯೂರಿಯಾ ಒಗದ್ವಿ, ಎರಡ ದಿನ ಬಿಟ್ಟು ಹೋದ್ರ ಮೂಗಿಗಿ ಘಾಟು ಬಡದು ಕಣ್ಣಾಗ ನೀರು. ಪುಣೇದಾಗ ಓದೋ ಮಗ ಅಂತಾನ, ಸಿಟಿ ಹೊಗಿಗಿ ನಿಮ್ ಗೊಬ್ಬರನೂ ಕಾರಣ ಅಪ್ಪಾ ಅಂತ. ನಮ್ಮೂರಾಗ ಒಂದ ಚಿಮಣಿ ಇಲ್ಲ, ಹ್ಯಾಂಗ ನಂಬಬೇಕು?

ಉತ್ತರ (ಮಣ್ಣು ಪರೀಕ್ಷೆ ಕೆಲಸದಾಗ ಇದ್ದವ): ಕಾಕಾರ, ಮಗ ಅಂದಿದ್ದು ಅರ್ಧ ಖರೇ ಅದ. ನಿಮಗ ಬಡದ ಘಾಟು ಅಮೋನಿಯಾ. ಯೂರಿಯಾ ಹಸಿ ಮಣ್ಣಿಗಿ ಬಿದ್ದ ಕೂಡ್ಲೆ ಮಣ್ಣಾಗಿನ ಯೂರಿಯೇಸ್ ಅನ್ನೋ ಕಿಣ್ವ (ಎನ್‌ಜೈಮ್) ಅದನ್ನ ಒಡದು ಅಮೋನಿಯಾ ಮಾಡ್ತದ, ನಮ್ಮ ಎರಿ ಮಣ್ಣಾಗ ಸುಣ್ಣ ಜಾಸ್ತಿ, ಮ್ಯಾಲ ಬಿಸಲು ಗಾಳಿ, ಹಿಂಗಾಗಿ ಅದು ಬೆಳಿಗಿ ಸಿಗೋದ್ರಾಗೇ ಹಾರಿ ಹೋಗ್ತದ. 45 ಕೆಜಿ ಚೀಲದಾಗ ಸಾರಜನಕ ಇರೋದೇ 20 ಕೆಜಿ ಚಿಲ್ರೆ, ಹಿಂಗ ಮ್ಯಾಲೇ ಒಗದ್ರ ಅದರಾಗ ಕಾಲು ಪಾಲು ಹೋದ್ರೂ ಹೋದೀತು.

ಇನ್ನ ಸಿಟಿ ಮಾತು. ಅಮೋನಿಯಾ ಒಂದೇ ಹೊಗಿ ಆಗಲ್ಲ, ಗಾಡಿ ಹೊಗಿ, ಕಲ್ಲಿದ್ದಲ ಸುಡೋ ಕರೆಂಟ್ ಪ್ಲಾಂಟಿನ ಹೊಗಿಯಿಂದ ಗಾಳ್ಯಾಗ ಆಸಿಡ್ ಆಗ್ತದಲ್ಲ, ಅದರ ಜೋಡಿ ಕೂಡಿ ಸಣ್ಣ ಉಪ್ಪಿನ ಕಣ ಆಗ್ತದ, ಗಾಳ್ಯಾಗಿನ ಅತೀ ಸಣ್ಣ ಧೂಳಿಗಿ ಪಿಎಂ 2.5 ಅಂತಾರಲ್ಲ ಅದರಾಗ ಇದೂ ಒಂದು. ಬರೇ ಅಮೋನಿಯಾ ಆದ್ರ ಬಹಳಷ್ಟು ಹತ್ರೇ ಇಳೀತದ, ಕಣ ಆತಂದ್ರ ನೂರಾರು ಕಿಲೋಮೀಟರ್ ಹೋಗ್ತದ, ಚಳಿಗಾಲದಾಗ ಇಂಥ ಕಣ ಇನ್ನೂ ಜಾಸ್ತಿ. ಅಂದ್ರ ತಪ್ಪು ಇಬ್ಬರದೂ ಅದ, ಒಬ್ಬ ರೈತಂದೇ ಅನ್ನೋದು ನಾ ಒಪ್ಪಲ್ಲ. ಹಂಗ ನೋಡಿದ್ರ ದನದ ಗಂಜಲ, ತಿಪ್ಪಿಯಿಂದನೂ ಅಮೋನಿಯಾ ಏಳ್ತದ.

ಇನ್ನೊಬ್ರು: ಸರ, ಈಗ ಎಲ್ಲಾ ಬೇವಿನ ಲೇಪದ ಯೂರಿಯಾನೇ ಬರ್ತದಲ್ಲ, ಮತ್ತ ಹ್ಯಾಂಗ ಹಾರ್ತದ?

ಉತ್ತರ: ಇದನ್ನ ಬಹಳ ಮಂದಿ ತಪ್ಪು ತಿಳಕೊಂಡಾರ. 2015ರಿಂದ ಬೇವಿನ ಲೇಪ ಕಡ್ಡಾಯ ಆತು ಖರೇ, ಆದ್ರ ಯೂರಿಯಾ ಒಡದು ಅಮೋನಿಯಾ ಆಗೋದು ಮೊದಲನೇ ಹಂತ, ಬೇವು ತಡಿಯೋದು ಎರಡನೇ ಹಂತ, ಮಣ್ಣಾಗ ಉಳದ ಅಮೋನಿಯಂ ಮುಂದ ನೈಟ್ರೇಟ್ ಆಗಿ ಬದಲಾಗೋದನ್ನ ನಿಧಾನ ಮಾಡ್ತದ. ಅದರಿಂದ ನೈಟ್ರಸ್ ಆಕ್ಸೈಡ್ ಕಡಿಮಿ ಆಗ್ತದ, ಅದು ಕಾರ್ಬನ್ ಡೈಆಕ್ಸೈಡ್‌ಕ್ಕಿಂತ ಸುಮಾರು 270 ಪಟ್ಟು ಭೂಮಿ ಕಾಸೋ ಗ್ಯಾಸ್, ಒಳ್ಳೇದೇ ಆತು. ಆದ್ರ ಘಾಟು ಏಳೋದು ಮೊದಲನೇ ಹಂತದಾಗ, ಅಲ್ಲಿ ಬೇವಿನ ಆಟ ಅಷ್ಟು ನಡಿಯಲ್ಲ.

ಪ್ರಶ್ನೆ ಕೇಳಿದವ್ರು: ಮತ್ತ ಮಣ್ಣ ಮುಚ್ಚಬೇಕೇನ್ರಿ? ಚೀಲ 266 ರೂಪಾಯಿ, ಮುಚ್ಚಾಕ ಆಳಿನ ಪಗಾರ ಅದಕ್ಕಿಂತ ಜಾಸ್ತಿ.

ಉತ್ತರ: ಅದೇ ನೋಡ್ರಿ, ಅಗ್ಗ ಅಂತನೇ ಒಗೀತೀವಿ. ಬ್ಯಾರೆ ಆಳು ಬ್ಯಾಡ ಕಾಕಾರ, ಕಬ್ಬಿಗಿ ಮಣ್ಣ ಏರಸೋ ದಿನಾನೇ ಸಾಲಿನ ಬುಡಕ್ಕ ಯೂರಿಯಾ ಹಾಕ್ರಿ, ಬೆನ್ನಿಗೇ ಮಣ್ಣ ಬೀಳ್ತದ, ಎರಡ ಇಂಚು ಮುಚ್ಚಿದ್ರ ಸಾಕು. ಅದಾಗಲಿಲ್ಲಂದ್ರ ನೀರ ಬಿಟ್ಟ ಮ್ಯಾಲ ಒಗೀಬ್ಯಾಡ್ರಿ, ಒಗದು ಅವತ್ತೇ ನೀರ ಬಿಡ್ರಿ, ಕೆಳಗ ಇಳೀತದ. ಮುಂಜಾನಿ ಇಬ್ಬನಿ ಮ್ಯಾಲಂತೂ ಬ್ಯಾಡೇ ಬ್ಯಾಡ, ಯೂರಿಯಾ ಕರಗೋವಷ್ಟು ಹಸಿ, ಇಳಿಯೋವಷ್ಟು ಇಲ್ಲ.