ಅಪ್‌ಡೇಟ್: ಪಚ್ಚೆ ಉಂಗುರ ಬಿಟ್ಟು ಪೆಂಡೆಂಟ್ ತಗೊಂಡೆ

ದಿನಾ ಹಾಕಿಕೊಳ್ಳೋಕೆ ಪಚ್ಚೆ ಉಂಗುರ ಸರಿಹೋಗುತ್ತಾ ಅಂತ ಕೇಳಿದ್ದೆನಲ್ಲ, ಕೊನೆಗೆ ಪೆಂಡೆಂಟ್ ತಗೊಂಡೆ. ಗಡಸುತನ ಅಳೆಯೋ 10 ಅಂಕಗಳ ಮೋಸ್ ಮಾಪಕದಲ್ಲಿ 7.5ರಿಂದ 8 ಇದ್ದರೂ, ಒಳಗಿನ ಬಿರುಕುಗಳಿಂದಾಗಿ ಪೆಟ್ಟು ಬಿದ್ದರೆ ಪಚ್ಚೆ ಚಕ್ಕೆ ಏಳುತ್ತೆ. ನನ್ನ ಕೈಯೋ, ಎಲ್ಲದಕ್ಕೂ ತಗುಲೋ ಕೈ.

ಮೊದಲು ಮನಸೋತ ಕಲ್ಲನ್ನು 10 ಪಟ್ಟು ದೊಡ್ಡದಾಗಿ ತೋರಿಸುವ ಲೂಪ್‌ನಲ್ಲಿ ನೋಡಿದೆ. ಓರೆ ಮಾಡಿದಾಗ ಬಿರುಕೊಂದರಲ್ಲಿ ನೀಲಿ ಮಿಂಚು ಹಾದುಹೋಯಿತು, ಸೋಪಿನ ಗುಳ್ಳೆ ಮೇಲೆ ಬಣ್ಣ ಹೊಳೆದ ಹಾಗೆ. ಪಚ್ಚೆಯ ಬಿರುಕು ಕಾಣದ ಹಾಗೆ ಎಣ್ಣೆ ಇಲ್ಲವೇ ರಾಳ ತುಂಬುತ್ತಾರೆ; ರಾಳ ತುಂಬಿದಾಗ ಹೀಗೆ ಕಾಣೋದುಂಟು. ಅಂಗಡಿಯವರು ‘ಬರೀ ಎಣ್ಣೆ’ ಅಂದಿದ್ದರು! ಲ್ಯಾಬ್ ವರದಿ ಕೇಳಿದರೆ ಮಾತು ತೇಲಿಸಿದರು. ಎದ್ದು ಬಂದೆ.

ಈಗಿನದು ಕೊಂಚ ತಿಳಿ ಹಸಿರು, ಸುತ್ತಲೂ ಚಿನ್ನದ ಅಂಚು. ವರದಿಯಲ್ಲಿ ‘ಅಲ್ಪ ಎಣ್ಣೆ’ ಎಂದಿದೆ. ಅಲ್ಟ್ರಾಸಾನಿಕ್‌ಗೆ (ಶಬ್ದದ ಕಂಪನದಿಂದ ಒಡವೆ ತೊಳೆಯೋ ಯಂತ್ರ) ಹಾಕಬೇಡಿ ಅಂದವರಿಗೆ ಥ್ಯಾಂಕ್ಸ್. ಉಗುರುಬೆಚ್ಚಗಿನ ನೀರು, ಮೆತ್ತನೆ ಬ್ರಷ್, ಅಷ್ಟೇ.