ಚಿಕ್ಕಪ್ಪನ ಸ್ಕ್ಯಾನಿಂಗ್ ರಿಪೋರ್ಟ್ ಬಗ್ಗೆ

ಚಿಕ್ಕಮ್ಮ, ಚಿಕ್ಕಪ್ಪನ ರಿಪೋರ್ಟ್‌ನಲ್ಲಿ ‘ಫ್ಯಾಟಿ ಪ್ಯಾಂಕ್ರಿಯಾಸ್’ (ಮೇದೋಜೀರಕ ಗ್ರಂಥಿಯಲ್ಲಿ ಕೊಬ್ಬು) ಅಂತಿದೆ, ಇದು ಕ್ಯಾನ್ಸರ್‌ಗೆ ತಿರುಗುತ್ತಾ ಅಂತ ಕೇಳಿದ್ದೀರಿ. ಸ್ವಲ್ಪ ಉದ್ದ ಆಗುತ್ತದೆ, ಕೂತು ಕೇಳಿ.

ಕೊಬ್ಬು ಕಂಡಿತು ಅಂದರೆ ಕ್ಯಾನ್ಸರ್ ಬಂತು ಅಂತ ಅಲ್ಲವೇ ಅಲ್ಲ. ಹೊಟ್ಟೆ ಬಂದವರಲ್ಲಿ, ಶುಗರ್ ಇರುವವರಲ್ಲಿ, ವಯಸ್ಸಾದವರಲ್ಲಿ ಇದು ತುಂಬಾ ಸಾಮಾನ್ಯ. ಅವರಲ್ಲಿ ಹೆಚ್ಚಿನವರಿಗೆ ಈ ಕ್ಯಾನ್ಸರ್ ಬರುವುದೇ ಇಲ್ಲ.

ಹಾಗಂತ ಸುಮ್ನೆ ಬಿಡುವ ವಿಷಯವೂ ಅಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ವಿಭಾಗ 2016ರಲ್ಲಿ ಬೊಜ್ಜಿಗೆ ನಂಟಿರುವ 13 ಕ್ಯಾನ್ಸರ್‌ಗಳನ್ನು ಪಟ್ಟಿ ಮಾಡಿತು. ಅದರಲ್ಲಿ ಪ್ಯಾಂಕ್ರಿಯಾಸ್‌ನದೂ ಇದೆ. ನಡೆಯುವುದು ಹೀಗೆ. ವಯಸ್ಸಾದಂತೆ ಪ್ಯಾಂಕ್ರಿಯಾಸ್‌ನ ಸಣ್ಣ ನಾಳಗಳಲ್ಲಿ ಕೆಲವು ಜೀವಕೋಶಗಳು ಕೆಡುತ್ತವೆ. ‘ಕೆರಾಸ್’ ಅನ್ನುವ ಜೀನ್ ಹಾಳಾಗಿರುತ್ತದೆ. ಸಾಮಾನ್ಯವಾಗಿ ಅವು ವರ್ಷಾನುಗಟ್ಟಲೆ ತೆಪ್ಪಗೆ ಬಿದ್ದಿರುತ್ತವೆ. ಪಕ್ಕದಲ್ಲೇ ಕೊಬ್ಬು ಸೇರಿಕೊಂಡರೆ ಉರಿಯೂತ ಶುರುವಾಗುತ್ತದೆ. ಬೊಜ್ಜಿನಿಂದ ಇನ್ಸುಲಿನ್ನೂ ಜಾಸ್ತಿ ಆಗುತ್ತದೆ. ಅದು ತಯಾರಾಗುವುದೇ ಪ್ಯಾಂಕ್ರಿಯಾಸ್‌ನಲ್ಲಿ, ಹಾಗಾಗಿ ಈ ಕೆಟ್ಟ ಕೋಶಗಳಿಗೆ ಮೊದಲ ಪಾಲು. ಉರಿಯೂತ, ಇನ್ಸುಲಿನ್ ಎರಡೂ ಸೇರಿ ಅವನ್ನು ಕ್ಯಾನ್ಸರ್ ಕಡೆಗೆ ತಳ್ಳಬಹುದು.

ಅಮೆರಿಕದಲ್ಲಿ 2020ರಲ್ಲಿ ಪ್ರಕಟವಾದ ಇಲಿಗಳ ಅಧ್ಯಯನ ನನಗೆ ತುಂಬಾ ಹಿಡಿಸಿತು. ಬೊಜ್ಜಿನ ಇಲಿಗಳಲ್ಲಿ ಇನ್ಸುಲಿನ್ ಮಾಡುವ ಕೋಶಗಳೇ ಇನ್ನೊಂದು ಹಾರ್ಮೋನ್ ಸುರಿಸಿ ಗಡ್ಡೆಗೆ ಕುಮ್ಮಕ್ಕು ಕೊಡುತ್ತಿದ್ದವು. ಶುರುವಿನಲ್ಲೇ ತೂಕ ಇಳಿಸಿದಾಗ ಅದಕ್ಕೆ ತಡೆ ಬಿತ್ತು. ಇಲಿಯ ಮಾತು ನಮಗೆ ಪೂರ್ತಿ ಹೊಂದುವುದಿಲ್ಲ, ನಿಜ. ಆದರೆ ತೂಕ ಇಳಿದರೆ ಮನುಷ್ಯರಲ್ಲೂ ಪ್ಯಾಂಕ್ರಿಯಾಸ್‌ನ ಕೊಬ್ಬು ಕಡಿಮೆ ಆಗುತ್ತದೆ.

ಹಾಗಾಗಿ ಚಿಕ್ಕಪ್ಪ ಸೊಂಟದ ಸುತ್ತಳತೆ 90 ಸೆಂಟಿಮೀಟರ್ ಒಳಗೆ ತರಲಿ. ಸಿಗರೇಟ್ ಇವತ್ತೇ ಬಿಡಲಿ, ಈ ಕ್ಯಾನ್ಸರ್‌ಗೆ ಅದೂ ಒಂದು ಕಾರಣ. ಬರೀ ಕೊಬ್ಬು ನೋಡುವುದಕ್ಕೆ ಪದೇ ಪದೇ ಸ್ಕ್ಯಾನ್ ಬೇಡ, ದುಡ್ಡು ದಂಡ.

ಇನ್ನೊಂದು. ನಮ್ಮ ಮನೆಯಲ್ಲಿ ಯಾರು ಸಣ್ಣಗಾದರೂ ಖುಷಿಪಡುತ್ತೇವೆ, ಅಲ್ವಾ? 50 ದಾಟಿದವರಿಗೆ ಹೊಸದಾಗಿ ಶುಗರ್ ಬಂದು, ಪ್ರಯತ್ನವೇ ಇಲ್ಲದೆ ತೂಕ ಇಳಿಯುತ್ತಿದ್ದರೆ ಖುಷಿಪಡಬೇಡಿ, ಅದು ಈ ಕ್ಯಾನ್ಸರ್‌ನ ಸೂಚನೆ ಇರಬಹುದು. ಬೆನ್ನಿಗೆ ಹೋಗುವ ಹೊಟ್ಟೆನೋವು, ಕಣ್ಣು ಹಳದಿಯಾಗುವುದು ಕೂಡ ಹಾಗೆಯೇ. ಕೂಡಲೇ ಡಾಕ್ಟರ್ ಹತ್ತಿರ ಹೋಗಿ.

ಹಾಂ, ನೀವು ಕಳಿಸಿದ ಫೋಟೋದಲ್ಲಿ ಕೊನೆಯ ಎರಡು ಸಾಲು ಕಟ್ ಆಗಿದೆ. ಗ್ಯಾಸ್ ಅಡ್ಡ ಬಂದು ಪ್ಯಾಂಕ್ರಿಯಾಸ್‌ನ ತುದಿ ಕಾಣಲಿಲ್ಲ ಅಂತ ಬರೆದಿದ್ದಾರಾ ನೋಡಬೇಕು. ಹಾಗಿದ್ದರೆ ಡಾಕ್ಟರ್‌ನ ಕೇಳಲೇಬೇಕು. ಇನ್ನೊಂದು ಸಲ ಕಳಿಸಿ.