ಸೊಳ್ಳೆಮರಿಯೊಳಗಿನ ಬಿಳಿ ದಾರ: ಕೀಟತಜ್ಞೆಗೆ ಪ್ರಶ್ನೆಗಳು

ಗಣಪತಿ, ಸಾಗರ: ಮೇಡಂ, ಅಡಿಕೆ ತೋಟದ ಬೇರುಹುಳವನ್ನು ಕೊಲ್ಲಲೆಂದು ತಂದ, ಜೀವಂತ ಸೂಕ್ಷ್ಮ ಜಂತುಹುಳುಗಳಿರುವ ಪುಡಿ ಅರ್ಧ ಪೊಟ್ಟಣ ಉಳಿದಿದೆ. ಅದನ್ನು ನೀರಿನ ತೊಟ್ಟಿಗೆ ಹಾಕಿದರೆ ಸೊಳ್ಳೆಮರಿಗಳು ಸಾಯುತ್ತವೆಯೇ?

ಕೀಟತಜ್ಞೆ: ಇಲ್ಲ. ಅದು ತೇವದ ಮಣ್ಣಿನಲ್ಲಿ ಬೇಟೆಯಾಡುವ ಹುಳು. ನೀರಿಗೆ ಹಾಕಿದರೆ ತಳ ಸೇರುತ್ತದೆ.

ಶಾರದಾ, ಗಂಗಾವತಿ: ಗದ್ದೆಯ ಬದಿಯ ಹೊಂಡದಿಂದ ಲೋಟದಲ್ಲಿ ನೀರೆತ್ತಿ ಬೆಳಕಿಗೆ ಹಿಡಿದಾಗ, ಎರಡು ಮೂರು ಮರಿಗಳ ಎದೆಯೊಳಗೆ ಬಿಳಿ ದಾರ ಸುತ್ತಿಟ್ಟಂತೆ ಕಂಡಿತು. ಇದೇನು ಮೇಡಂ?

ಕೀಟತಜ್ಞೆ: ಶಾರದಾ ಅವರೇ, ಕಣ್ಣಾರೆ ನೋಡದೆ ಹೆಸರಿಡಲಾರೆ, ಆದರೆ ನಿಮ್ಮ ವಿವರಣೆ ರೊಮನೊಮರ್ಮಿಸ್ ಬಳಗದ ಹುಳುವಿಗೆ ಹೊಂದುತ್ತದೆ. ಅದರ ಒಂದು ಪ್ರಭೇದಕ್ಕೆ, 1927ರಲ್ಲಿ ಬಂಗಾಳದ ಅನಾಫಿಲಿಸ್ ಸೊಳ್ಳೆಯ ಮರಿಗಳಲ್ಲಿನ ಇಂಥ ಹುಳುಗಳ ಬಗ್ಗೆ ಬರೆದ ಎಂ.ಒ.ಟಿ. ಅಯ್ಯಂಗಾರರ ಹೆಸರನ್ನೇ ಇಟ್ಟಿದ್ದಾರೆ. ಮೊಟ್ಟೆಯೊಡೆದ ಎಳೆಹುಳು ಒಂದೆರಡು ದಿನಗಳೊಳಗೆ ಸೊಳ್ಳೆಮರಿಯ ತೊಗಲು ಕೊರೆದು ಒಳಸೇರಬೇಕು. ಸುಮಾರು ಒಂದು ವಾರ ಅಲ್ಲೇ ಉಂಡು ಬೆಳೆದು, ಮೈ ಸೀಳಿಕೊಂಡು ಹೊರಬರುವಾಗ ಮರಿ ಸಾಯುತ್ತದೆ. ಆಮೇಲೆ ಹುಳು ಕೆಸರಿಗಿಳಿದು, ಅಲ್ಲೇ ಕೂಡಿ ಮೊಟ್ಟೆಯಿಡುತ್ತದೆ. ಹಾಗಾಗಿ ಗದ್ದೆ ಅದಕ್ಕೆ ಮನೆಯಿದ್ದಂತೆ, ವಾರವಾರ ತಿಕ್ಕುವ ಸಿಮೆಂಟ್ ತೊಟ್ಟಿಯಲ್ಲಿ ಅದು ನೆಲೆಯೂರುವುದಿಲ್ಲ. ಉಪ್ಪುನೀರೂ ಕೊಳಚೆಯೂ ಅದಕ್ಕೆ ಆಗದು. ಹತ್ತು ಮರಿಗಳನ್ನು ಹೊಂಡದ ನೀರಿನೊಂದಿಗೆ ಗಾಜಿನ ಬಾಟಲಿಯಲ್ಲಿಟ್ಟು, ಬಾಯಿಗೆ ತೆಳುಬಟ್ಟೆ ಕಟ್ಟಿ, ದಿನಕ್ಕೊಂದು ಫೋಟೋ ಕಳಿಸಿ. ಹೊಂಡವನ್ನು ಮಾತ್ರ ಮುಟ್ಟಬೇಡಿ.

ಮಂಜುನಾಥ, ಹಾಸನ: ಈ ಹುಳು ಎಲ್ಲಿ ಸಿಗುತ್ತದೆ, ಬೆಲೆಯೆಷ್ಟು?

ಸಲೀಂ, ಮಂಗಳೂರು: ಇಷ್ಟೆಲ್ಲ ಏಕೆ? ಗಪ್ಪಿ ಮೀನು ಬಿಟ್ಟರೆ ಮುಗಿಯಿತು.

ಗಣಪತಿ: ಅಡಿಕೆ ಹಾಳೆಯಲ್ಲಿ ನಿಂತ ಬೊಗಸೆ ನೀರಿಗೆ ಮೀನು ಬಿಡುವುದು ಹೇಗೆಂದು ತಾವೇ ಬಂದು ತೋರಿಸಬೇಕು.

ಸಲೀಂ: ಹಾಳೆ ಕವುಚಿ ಹಾಕಲು ಮೀನೂ ಬೇಡ, ಹುಳುವೂ ಬೇಡ. ಬಗ್ಗುವ ಸೊಂಟ ಬೇಕು.

ಗಣಪತಿ: ಎಕರೆಗೆ ಎಷ್ಟು ಹಾಳೆ ಬೀಳುತ್ತವೆಂದು ತೋಟ ಕಂಡವರಿಗೆ ಗೊತ್ತಿರುತ್ತದೆ.

ವಸಂತಿ, ಮೈಸೂರು: ಬಂದದ್ದನ್ನು ಕಳಿಸುತ್ತಿದ್ದೇನೆ: "ತೊಟ್ಟಿಗೆ ಕರ್ಪೂರ, ಹೊಂಡಕ್ಕೆ ಡೀಸೆಲ್, ಸೊಳ್ಳೆ ಮಾಯ!"

ಕೀಟತಜ್ಞೆ: ಈ ವಾರ ಇದು ಮೂರನೆಯ ಸಲ. ಕರ್ಪೂರ ಹೊಟ್ಟೆಗೆ ಹೋದರೆ ಮಕ್ಕಳಿಗೆ ಸೆಳವು ಬರಬಹುದು. ಡೀಸೆಲ್ ಸೊಳ್ಳೆಮರಿಯ ಜೊತೆಗೆ ಅದನ್ನು ತಿನ್ನುವ ಜೀವಿಗಳನ್ನೂ ಕೊಲ್ಲುತ್ತದೆ. ತೊಟ್ಟಿಗೆ ಮುಚ್ಚಳ ಹಾಕಿ.

ವಸಂತಿ: ಒಳ್ಳೆಯದಕ್ಕೆಂದೇ ಕಳಿಸಿದೆ. ಈ ಹುಳು ಮನುಷ್ಯರಿಗೆ ಅಂಟುವುದಿಲ್ಲವೇ?

ಕೀಟತಜ್ಞೆ: ಅಂಟುವುದಿಲ್ಲ. ಮೊನ್ನೆಯೂ ಹೇಳಿದ್ದೆ.

ಮಂಜುನಾಥ: ನಾನು ಬೆಲೆ ಕೇಳಿದ್ದೆ.

ಶಾರದಾ: ಮೇಡಂ, ಬಾಟಲಿ ಹಿಡಿದು ಹೊಂಡಕ್ಕೆ ಹೋಗಿದ್ದೆ. ಈ ಗುಂಪಿನ ಸಂದೇಶ ಓದಿ ನಮ್ಮ ಮೈದುನ ನಿನ್ನೆ ಸಂಜೆಯೇ ಡೀಸೆಲ್ ಸುರಿದುಬಿಟ್ಟಿದ್ದಾರೆ.

ಕೀಟತಜ್ಞೆ: ಎಣ್ಣೆ ಹರಡದ ಪಕ್ಕದ ಗದ್ದೆಯ ಮೂಲೆಯಲ್ಲಿ ನೀರೆತ್ತಿ ನೋಡಿ. ಇಂದೇ ನೋಡಿ, ಮೈದುನರಿಗೆ ಹೇಳದೆ.